ಕಿಟಕಿಯಿಲ್ಲದ ಕುಲುಮೆ

ನಮ್ಮ ಮುತ್ತಜ್ಜನ ಕುಲುಮೆಗೆ ಕಿಟಕಿ ಇರಲಿಲ್ಲ. ಕೊಡಗಿನ ಶಾಂತಳ್ಳಿ ಕಡೆಯ ಒಂದು ಇಳಿಜಾರಿನಲ್ಲಿ, ಪುಷ್ಪಗಿರಿಯಿಂದ ನುಗ್ಗಿ ಬರುವ ಮಳೆಗೆ ಬೆನ್ನು ಕೊಟ್ಟು ನಿಂತಿದ್ದ ಹುಲ್ಲಿನ ಮಾಡು ಅದು. ಬಾಗಿಲೊಂದೇ, ಅದೂ ತಲೆ ತಗ್ಗಿಸಿ ಒಳಗೆ ಹೋಗಬೇಕಾದಷ್ಟು ಗಿಡ್ಡ. ನಾನು ಕಾಣುವ ಹೊತ್ತಿಗೆ ಹುಲ್ಲು ಹೋಗಿ ಹೆಂಚು ಬಂದಿತ್ತು, ಮುತ್ತಜ್ಜನ ಜಾಗದಲ್ಲಿ ದೊಡ್ಡಪ್ಪ ಕೂತಿದ್ದರು. ಕಿಟಕಿ ಮಾತ್ರ ಆಗಲೂ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಒಲೆಗೆ ಗಾಳಿ ಊದುವ ತಿದಿ ಒತ್ತಲು ನನ್ನನ್ನು ಕೂರಿಸುತ್ತಿದ್ದರು. ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಒಮ್ಮೆ ತಡೆಯಲಾರದೆ "ಗೋಡೆಗೊಂದು ಕಿಂಡಿಯಾದರೂ ಬಿಡಿಸಿ ದೊಡ್ಡಪ್ಪ" ಅಂದೆ. "ಬೆಳಕು ಬಂದರೆ ಕಬ್ಬಿಣ ಕಾಣಲ್ಲ ಮಗಾ" ಅಂದರು. ಆ ಮಾತು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ.

ಬ್ರಿಟಿಷರ ಕಾಲದ ಕೊಡಗಿನ ಬಗ್ಗೆ ಓದಲು ಕೂತರೆ ಕಾಫಿ ಸಿಗುತ್ತದೆ, ಪ್ಲಾಂಟರುಗಳ ಬಂಗಲೆ ಸಿಗುತ್ತದೆ, ಕಮಿಷನರುಗಳು ಸಿಗುತ್ತಾರೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯ, ಗದ್ದೆಗೆ ಸೇರಿದ ಬಾಣೆ ಕಾಡಿನ ವ್ಯಾಜ್ಯಗಳು ಸಿಗುತ್ತವೆ. ಕಾಫಿಗೆ ಗುಂಡಿ ತೋಡಿ ತೋಡಿ ಬಾಯಿ ಸವೆದ ಗುದ್ದಲಿಯನ್ನು ಯಾರು ಸರಿಮಾಡಿ ಕೊಟ್ಟರು ಎಂಬುದು ಸಿಗುವುದಿಲ್ಲ. 1901ರ ಜನಗಣತಿಯಲ್ಲಿ ಕೊಡಗು ಪ್ರಾಂತ್ಯದ ಜನಸಂಖ್ಯೆ 1,80,607. ಆ ಹೊತ್ತಿಗೆ ಮುತ್ತಜ್ಜ ಕುಲುಮೆಗೆ ಕೂತಾಗಿತ್ತು. ಆ ಸಂಖ್ಯೆಯ ಕೊನೆಯ ಏಳರಲ್ಲಿ ಒಬ್ಬರು ಅವರು ಎಂದು ನಾನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತೇನೆ. ಅವರ ಫೋಟೊ ಇಲ್ಲ, ಸಹಿ ಇಲ್ಲ. ಅವರ ಕೈಯಿಂದ ಬಂದ ಒಂದು ಕತ್ತಿ ನಮ್ಮ ಮನೆಯಲ್ಲಿದೆ, ಅಷ್ಟೆ.

ಕೊಡವರ ನಾಡುಗಳಲ್ಲಿ ಈ ಕೆಲಸ ಐರಿಗಳದು. ಮರ, ಕಬ್ಬಿಣ ಎರಡನ್ನೂ ಬಲ್ಲ, ಕೊಡವ ತಕ್ಕ್ ಆಡುವ ಜನ ಅವರು. ಬುಟ್ಟಿ ಹೆಣೆಯುವವರು, ಹಬ್ಬಕ್ಕೆ ವಾದ್ಯ ಬಾರಿಸುವವರು ಮೇದರು. ನಮ್ಮದು ಕೊಡಗಿನ ಉತ್ತರದ ಹಳೆಯ ಏಳುಸಾವಿರ ಸೀಮೆ, ಕನ್ನಡದ ಸೀಮೆ. ಇಲ್ಲಿ ನಮ್ಮನ್ನು ಆಚಾರ್ರು ಅನ್ನುತ್ತಿದ್ದರು. ಮುತ್ತಜ್ಜ ಕಬ್ಬಿಣಕ್ಕೆ ಕೂತರೆ ಅವರ ತಮ್ಮ ಮರಕ್ಕೆ ಕೂತರು. ಒಂದೇ ಅಂಗಳದಲ್ಲಿ ಒಂದು ಕಡೆ ಬಾಚಿಯ ಸದ್ದು, ಇನ್ನೊಂದು ಕಡೆ ಸುತ್ತಿಗೆಯ ಸದ್ದು.

ಕಮ್ಮಾರ ಎಂದರೆ ಹೊಸದನ್ನು ಮಾಡುವವನು ಎಂದೇ ನಾನೂ ಬಹಳ ಕಾಲ ಅಂದುಕೊಂಡಿದ್ದೆ. ದೊಡ್ಡಪ್ಪ ತಮ್ಮ ಅಜ್ಜನ ದಿನಗಳ ಬಗ್ಗೆ ಹೇಳುತ್ತಾ ಹೋದಂತೆ ಆ ಚಿತ್ರ ಬದಲಾಯಿತು. ಹೊಸ ಕತ್ತಿ, ಹೊಸ ಕೊಡಲಿ ಮಾಡುವುದು ಅಪರೂಪ. ಕಬ್ಬಿಣ ಅಷ್ಟು ಸುಲಭಕ್ಕೆ ಸಿಗುವ ವಸ್ತುವಾಗಿರಲಿಲ್ಲ. ದಿನದ ಕೆಲಸವೆಲ್ಲ ಹಳೆಯದರದ್ದೇ. ನೇಗಿಲಿನ ಮೊಂಡಾದ ಗುಳ ತಟ್ಟುವುದು, ಸವೆದ ಗುದ್ದಲಿಗೆ ಬಾಯಿ ಕಟ್ಟುವುದು, ಕುಡುಗೋಲಿಗೆ ಕಕ್ಕು (ಹಲ್ಲು) ಹಾಕುವುದು, ಸಡಿಲವಾದ ಹಿಡಿ ಬಿಗಿಸುವುದು. "ಹೊಸ ಕತ್ತಿ ಒಂದಾದರೆ ಹಳೇ ಕತ್ತಿಗೆ ಹದ ಹಾಕಿದ್ದು ನೂರು" ಎಂದು ದೊಡ್ಡಪ್ಪ ಹೇಳುತ್ತಿದ್ದರು. ಒಂದು ಗುದ್ದಲಿ ಊರಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತಿತ್ತು. ಬಾಯಿ ಸವೆದಾಗ ಉಕ್ಕಿನ ತುಂಡೊಂದನ್ನು ಅದಕ್ಕೆ ಬೆಸೆಯಬೇಕು. ಎರಡನ್ನೂ ಬೆಳ್ಳಗೆ ಕಾಯಿಸಿ, ಬೆಸುಗೆಯ ಮುಖಕ್ಕೆ ಮರಳು ಎರಚಿ, ಕಾವು ಇಳಿಯುವ ಮೊದಲೇ ಸಮ್ಮಟಿಯಲ್ಲಿ ಹೊಡೆದು ಒಂದಾಗಿಸಬೇಕು. ಮರಳು ಕರಗಿ ಕಬ್ಬಿಣದ ಮೇಲೆ ಕಟ್ಟಿದ ಸುಟ್ಟ ಪದರವನ್ನು, ಚಿಟ್ಟನ್ನು, ಹೊರಗೆ ತಳ್ಳುತ್ತದೆ. ಒಂದು ಉಸಿರು ತಡವಾದರೆ ಬೆಸುಗೆ ಹಿಡಿಯುವುದಿಲ್ಲ. ಒಂದು ಉಸಿರು ಹೆಚ್ಚು ಕಾಯಿಸಿದರೆ ಉಕ್ಕು ಕಿಡಿಕಿಡಿಯಾಗಿ ಸುಟ್ಟು ಹೋಗುತ್ತದೆ. ಇಷ್ಟೆಲ್ಲ ಆದ ಮೇಲೂ ಅದು ರೈತನ ಹಳೆಯ ಗುದ್ದಲಿಯೇ. ಮಾಡಿದವನ ಗುರುತು ಅದರಲ್ಲಿ ಎಲ್ಲೂ ಉಳಿಯುವುದಿಲ್ಲ. ಈ ಕೆಲಸವೇ ಹಾಗೆ. ಅದು ಸರಿಯಾಗಿದ್ದರೆ ಕಣ್ಣಿಗೆ ಬೀಳುವುದಿಲ್ಲ.

ವರ್ಷ ಶುರುವಾಗುತ್ತಿದ್ದುದು ಯುಗಾದಿಗಲ್ಲ, ಗುಳಕ್ಕೆ. ಮೇ ತಿಂಗಳ ಮಳೆ ಎರಡು ಹನಿ ಬಿದ್ದರೆ ಸಾಕು, ಹೆಗಲ ಮೇಲೆ ನೇಗಿಲು ಹೊತ್ತವರು ಬಾಗಿಲಿಗೆ ಬರುತ್ತಿದ್ದರು. ಎಲ್ಲರಿಗೂ ಒಂದೇ ವಾರದಲ್ಲಿ ಆಗಬೇಕು. ಬೆಳಗಿನ ಜಾವಕ್ಕೇ ಒಲೆ ಹೊತ್ತಿಸಿ ರಾತ್ರಿ ಗಂಜಿ ಕುಡಿಯುವವರೆಗೆ ಸುತ್ತಿಗೆ ಕೆಳಗಿಡುವ ಹಾಗಿರಲಿಲ್ಲ. ಜುಲೈ ನಾಟಿ ಶುರುವಾದರೆ ಊರೆಲ್ಲ ಗದ್ದೆಯಲ್ಲಿ. ಆಗ ಮುತ್ತಜ್ಜ ಸಂತೆಗೆ ಬೇಕಾದ ಸಣ್ಣ ಸಾಮಾನಿಗೆ ಕೂರುತ್ತಿದ್ದರು. ಸೌಟು, ಅಡಕತ್ತರಿ, ಈಳಿಗೆಮಣೆಯ ಅಲಗು, ಬಾಗಿಲ ಚಿಲಕ, ಮೊಳೆ. ಹೊರಗೆ ನಮ್ಮ ಕಡೆಯ ಮಳೆ. ವಾರಗಟ್ಟಲೆ ಸೂರ್ಯ ಕಾಣದ ಮಳೆ. ಒದ್ದೆ ಇದ್ದಿಲಿನಲ್ಲಿ ಕಬ್ಬಿಣ ಕಾಯುವುದಿಲ್ಲ, ಹೊಗೆ ಮಾತ್ರ. ಅದಕ್ಕೇ ಒಲೆಯ ಮೇಲೆಯೇ ಅಟ್ಟ ಕಟ್ಟಿ ನಾಲ್ಕು ತಿಂಗಳ ಇದ್ದಿಲನ್ನು ಏಪ್ರಿಲ್‌ನಲ್ಲೇ ತುಂಬಿಡುತ್ತಿದ್ದರು.

ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್. ನಾಟಿ ಮುಗಿದು, ಕೋವಿ, ಒಡಿಕತ್ತಿಗಳನ್ನು ಹೊರತೆಗೆದು ಪೂಜಿಸಿ, ತೋಕ್ ಪೂ (ಕೋವಿ ಹೂವು) ಮುಡಿಸುವ ಹಬ್ಬ. ಅದಕ್ಕೆ ಹತ್ತು ದಿನ ಮೊದಲೇ ಮುತ್ತಜ್ಜ ಮಾದಾಪುರದ ಕಡೆ ಹೊರಡುತ್ತಿದ್ದರು. ಕೊಡವರ ಮನೆಗಳ ಜಗಲಿಯ ಕೆಳಗೆ ಕೂತು ತುಕ್ಕು ತೆಗೆದು, ಮಸೆದು, ಹಿಡಿಯ ಆಣಿ ಬಿಗಿಸಿ ಕೊಡುವ ಕೆಲಸ. ಒಡಿಕತ್ತಿಯ ಅಗಲವಾದ ಬಾಗಿದ ಅಲಗು ಮಸೆಯುವುದು ಸುಲಭವಲ್ಲ. ಬಾಗು ಎಲ್ಲೂ ಮುರಿಯದ ಹಾಗೆ ಕಲ್ಲನ್ನೇ ಅಲಗಿನ ಮೇಲೆ ನಡೆಸಬೇಕು. ಮದುವೆಯಲ್ಲಿ ಬಾಳೆ ಕಡಿಯುವವನ ಕೈಯಲ್ಲಿ ಅದು ಒಂದೇ ಏಟಿಗೆ ಹೋಗಬೇಕು. ಹೋಗದಿದ್ದರೆ ಮಾತು ಬರುವುದು ಕಡಿದವನಿಗೆ. ಆಮೇಲೆ ಅದು ಆಚಾರಿಯ ಬಾಗಿಲಿಗೂ ಬರುತ್ತದೆ.

ಕೋವಿಯನ್ನು ಮಾತ್ರ ಮುತ್ತಜ್ಜ ಮುಟ್ಟುತ್ತಿರಲಿಲ್ಲ. ಇದನ್ನು ನಾನು ಮೊದಲು ಹೆದರಿಕೆ ಅಂದುಕೊಂಡಿದ್ದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣದಿಂದ, ಅಂದರೆ ಆಯುಧ ಒಪ್ಪಿಸುವುದರಿಂದ, ವಿನಾಯಿತಿ ಕೊಟ್ಟ. ಕೋವಿ ಇಟ್ಟುಕೊಳ್ಳುವ ಈ ಹಕ್ಕು ಮುಂದೆ ಜಮ್ಮಾ ಹಿಡುವಳಿದಾರರಿಗೂ ಉಳಿದು ಬಂತು. ಕೊಡಗಿನ ಹೆಮ್ಮೆಯ ಮಾತುಗಳಲ್ಲಿ ಇದು ಮೊದಲಿನದು, ಹೆಮ್ಮೆಪಡಬೇಕಾದದ್ದೇ. ಆದರೆ ವಿನಾಯಿತಿ ಇದ್ದದ್ದು ಹಿಡಿಯುವ ಕೈಗೆ. 1878ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ತಯಾರಿಸುವವನಿಗೆ ಪರವಾನಗಿ ಬೇಕಿತ್ತು. ಗದ್ದೆಯಿಲ್ಲದ, ಜಮ್ಮಾ ಇಲ್ಲದ ಆಚಾರಿಯ ಕುಲುಮೆಯಲ್ಲಿ ಒಂದು ಕೋವಿಯ ನಳಿಗೆ ಸಿಕ್ಕರೆ ಅವನು ಯಾರಿಗೆ ಏನೆಂದು ಉತ್ತರ ಹೇಳಿಯಾನು? ಮುತ್ತಜ್ಜನದು ಹೆದರಿಕೆಯಲ್ಲ, ಲೆಕ್ಕಾಚಾರ.

ನವೆಂಬರ್, ಡಿಸೆಂಬರ್ ಅಂದರೆ ಕುಡುಗೋಲು. ಸುಗ್ಗಿಯ ಹಬ್ಬ ಹುತ್ತರಿಗೆ ಕದಿರು ತೆಗೆಯುವ ರಾತ್ರಿ ಹುಣ್ಣಿಮೆಯ ಬೆಳಕಿನಲ್ಲಿ ಗುಂಡು ಹಾರಿ "ಪೊಲಿ ಪೊಲಿ ದೇವಾ" ಎಂಬ ಕೂಗು ಏಳುವ ಮೊದಲು ಎಲ್ಲ ಮನೆಯ ಕುಡುಗೋಲಿಗೂ ಕಕ್ಕು ಬಿದ್ದಿರಬೇಕು. ಅಲಗನ್ನು ಅಡಿಗಲ್ಲಿನ ಮೇಲೆ ಮಲಗಿಸಿ, ಸಣ್ಣ ಚಾಣದಲ್ಲಿ ಒಂದೊಂದೇ ಹಲ್ಲು ಕಡಿಯುತ್ತಾ ಹೋಗಬೇಕು. ಕೈ ಒಂದೇ ಲಯದಲ್ಲಿ ಇರದಿದ್ದರೆ ಹಲ್ಲು ಏರುಪೇರಾಗಿ ಪೈರು ಕೊಯ್ಯುವ ಬದಲು ಕೀಳುತ್ತದೆ. ದೊಡ್ಡಪ್ಪ ಈ ಕೆಲಸಕ್ಕೆ ಕೂತಾಗ ನಾವು ಮಾತಾಡುವ ಹಾಗಿರಲಿಲ್ಲ.

ಇದಿಷ್ಟೂ ಭತ್ತದ ಕೆಲಸ, ಮತ್ತು ಇದಕ್ಕೆ ಕೂಲಿ ಭತ್ತವೇ. ಕೊಡಗಿನಲ್ಲಿ ಗದ್ದೆಯನ್ನು ಅಳೆಯುತ್ತಿದ್ದುದೇ ಅದು ಕೊಡುವ ಭತ್ತದಿಂದ. ಹಳೆಯ ಲೆಕ್ಕದಲ್ಲಿ 100 ಭಟ್ಟಿ ಭತ್ತ ಬೆಳೆಯುವ ಗದ್ದೆಗೆ ಜಮ್ಮಾ ಆದರೆ 5 ರೂಪಾಯಿ ಕಂದಾಯ, ಪೂರ್ತಿ ಕಂದಾಯದ ಸಾಗು ಆದರೆ 10 ರೂಪಾಯಿ. ಆಚಾರಿಯ ಲೆಕ್ಕ ಇದರ ತಮ್ಮನಿದ್ದಂತೆ. ವರ್ಷವಿಡೀ ಎಷ್ಟು ಸಲ ಬಂದರೂ ಗುಳ ತಟ್ಟಿ ಕೊಡಬೇಕು, ಸುಗ್ಗಿಯಲ್ಲಿ ಕಣದ ಮೇಲೆ ಮನೆಗಿಷ್ಟು ಎಂದು ಭತ್ತ ಅಳೆದು ಹಾಕುತ್ತಾರೆ. ಬೆಳೆ ಕೈಕೊಟ್ಟ ವರ್ಷ ಆಚಾರಿಯ ಮೂಟೆಯೂ ಕುಗ್ಗುತ್ತದೆ. ಯಾರ ಮನೆಯ ಕೆಲಸ ಎಷ್ಟಾಯಿತು ಎಂಬುದನ್ನು ಮುತ್ತಜ್ಜ ಕುಲುಮೆಯ ಬಾಗಿಲ ಹಲಗೆಯ ಮೇಲೆ ಇದ್ದಿಲಿನಲ್ಲಿ ಗೀರು ಎಳೆದು ಇಡುತ್ತಿದ್ದರಂತೆ. ಒಂದೊಂದು ಮನೆಗೆ ಒಂದೊಂದು ಸಾಲು. ಅಕ್ಷರ ಬಾರದ ಅವರಿಗೆ ಯಾವ ಸಾಲು ಯಾವ ಮನೆ ಎಂಬುದು ಬಾಯಿಪಾಠ. ಭತ್ತ ಮನೆಗೆ ಬಂದ ದಿನ ಒದ್ದೆ ಬಟ್ಟೆಯಲ್ಲಿ ಹಲಗೆಯನ್ನು ಒರೆಸಿಬಿಡುವುದು. ಪ್ರತಿ ವರ್ಷ ತುಂಬಿದ, ಪ್ರತಿ ವರ್ಷ ತಮ್ಮ ಕೈಯಾರೆ ಅಳಿಸಿದ ಆ ಹಲಗೆಯನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಒಂದೇ ಒಂದು ವರ್ಷದ ಗೀರುಗಳು ಉಳಿದಿದ್ದರೆ ಎಂದು.

ರೂಪಾಯಿ ಬಂದದ್ದು ಕಾಫಿಯಿಂದ. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ಕಂಪನಿ ತೆಗೆದುಕೊಂಡು, 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಇಂಗ್ಲಿಷಿನವನು ತೋಟ ತೆರೆದ ಮೇಲೆ ಬೆಟ್ಟದ ನಂತರ ಬೆಟ್ಟ ಕಾಫಿಗೆ ಬಿತ್ತು. ಕಾಂಡಕೊರಕ ಬಂತು, ಎಲೆ ತುಕ್ಕು ಬಂತು, ಎಷ್ಟೋ ತೋಟಗಳು ಹಾಳು ಬಿದ್ದವು. ಆದರೂ ಮುತ್ತಜ್ಜನ ಕಾಲಕ್ಕೆ ಕಾಫಿ ಗಟ್ಟಿಯಾಗಿ ನಿಂತಿತ್ತು. ತೋಟಕ್ಕೆ ಗುದ್ದಲಿ, ಮಮ್ಮಟಿ, ನೆರಳಿನ ಮರದ ಕೊಂಬೆ ಸವರುವ ಮರಗಸಿಗೆ ಕತ್ತಿ, ಗಿಡ ಸವರುವ ಸಣ್ಣ ಚಾಕು ಬೇಕು. ದೊಡ್ಡ ತೋಟಗಳಿಗೆ ಶೆಫೀಲ್ಡ್ ಮುದ್ರೆಯ ಅಲಗುಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ನಮ್ಮ ಜನ ಅದಕ್ಕೆ ಸೀಮೆ ಕತ್ತಿ ಅಂದರು, ಸೀಮೆಎಣ್ಣೆ, ಸೀಮೆಸುಣ್ಣ ಅಂದ ಹಾಗೆಯೇ. ಆದರೆ ಸೀಮೆ ಕತ್ತಿಯೂ ಮೊಂಡಾಗುತ್ತದೆ, ಹಿಡಿ ಮುರಿಯುತ್ತದೆ. ಆಗ ಅದು ಶೆಫೀಲ್ಡಿಗೆ ವಾಪಸ್ಸು ಹೋಗುವುದಿಲ್ಲ, ಆಚಾರಿಯ ಹತ್ತಿರ ಬರುತ್ತದೆ. ತೋಟದ ಮೇಸ್ತ್ರಿ ಮೂವತ್ತು ನಲವತ್ತು ಸಾಮಾನನ್ನು ಒಟ್ಟಿಗೆ ತಂದು ಸುರಿದು, ಎಣಿಸಿ, ಆಣೆ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಭತ್ತಕ್ಕೆ ಹೊಟ್ಟೆ ತುಂಬುತ್ತಿತ್ತು. ಉಪ್ಪು, ಬಟ್ಟೆ, ಸೀಮೆಎಣ್ಣೆ, ಎಲ್ಲಕ್ಕಿಂತ ಹೆಚ್ಚಾಗಿ ಕಬ್ಬಿಣ ಕೊಳ್ಳಲು ಆಣೆಯೇ ಬೇಕು.

ಕಾಫಿಯ ಜೊತೆ ರಸ್ತೆ ಬಂತು, ರಸ್ತೆಯ ಜೊತೆ ಗಾಡಿ. ರಾಜರ ಕಾಲದ ಕೊಡಗು ಕಡಂಗಗಳ (ಕಾವಲು ಕಂದಕಗಳ), ಉಕ್ಕಡಗಳ (ಕಾವಲು ಠಾಣೆಗಳ), ಹೊರೆ ಎತ್ತುಗಳ ನಾಡು. ಕಾಫಿ ಮೂಟೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೂ, ಪೆರುಂಬಾಡಿಯ ದಾರಿಯಲ್ಲಿ ತಲಶ್ಶೇರಿಗೂ ಹೋಗತೊಡಗಿದಾಗ ಚಕ್ರದ ಕೆಲಸ ಆಚಾರಿಗೆ ಹೊಸ ಬದುಕು ಕೊಟ್ಟಿತು. ಜಲ್ಲಿ ರಸ್ತೆಯಲ್ಲಿ ಎತ್ತಿನ ಗೊರಸು ನಿಲ್ಲುವುದಿಲ್ಲ, ಲಾಳ ಬೇಕು. ಸೀಳು ಗೊರಸಾದ್ದರಿಂದ ಕಾಲಿಗೆ ಎರಡು, ಒಂದು ಎತ್ತಿಗೆ ಎಂಟು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲು ಕಟ್ಟಿ, ಒಬ್ಬ ಕೊಂಬು ಹಿಡಿದು ಕೂತರೆ ಮುತ್ತಜ್ಜ ಮೊಳೆ ಹೊಡೆಯುತ್ತಿದ್ದರು.

ಆದರೆ ದೊಡ್ಡಪ್ಪನ ಮುಖ ಅರಳುತ್ತಿದ್ದುದು ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವ ದಿನದ ಬಗ್ಗೆ ಹೇಳುವಾಗ. ಮುತ್ತಜ್ಜನ ತಮ್ಮ ಚಕ್ರದ ನಡುವಿನ ಗುಂಬ ಕಡೆದು, ಅದರಿಂದ ಸುತ್ತಿಗೆ ಹೋಗುವ ಅರೆಕಾಲು ಕೂರಿಸಿ, ಸುತ್ತಿನ ಮರದ ತುಂಡುಗಳನ್ನು ಜೋಡಿಸಿ ಚಕ್ರವನ್ನು ಅಂಗಳಕ್ಕೆ ಉರುಳಿಸಿ ತರುತ್ತಾರೆ. ಮರಗೆಲಸ ಎಷ್ಟೇ ಬಿಗಿಯಾಗಿದ್ದರೂ ಆ ಸ್ಥಿತಿಯಲ್ಲಿ ಅದು ಘಾಟಿ ಇಳಿಯಲಾರದು. ಅಣ್ಣ ದಾರದಲ್ಲಿ ಅದರ ಸುತ್ತಳತೆ ತೆಗೆಯುತ್ತಾರೆ. ಪಟ್ಟಿಯನ್ನು ಒಂದು ಬೆರಳಿನಷ್ಟು ಕಮ್ಮಿ ಅಳತೆಗೆ ಕಡಿದು, ಬಗ್ಗಿಸಿ, ತುದಿ ಬೆಸೆದು ಬಳೆ ಮಾಡುತ್ತಾರೆ. ತಣ್ಣಗಿರುವಾಗ ಆ ಬಳೆ ಚಕ್ರಕ್ಕೆ ಏರುವುದೇ ಇಲ್ಲ. ಕಮ್ಮಿ ಎಷ್ಟು ಎಂಬುದರಲ್ಲೇ ಎಲ್ಲ ಇದೆ. ತೀರಾ ಕಮ್ಮಿ ಮಾಡಿದರೆ ಅರೆಕಾಲು ಬಾಗಿ ಚಕ್ರ ಸೊಟ್ಟಗಾಗುತ್ತದೆ, ಸಾಲದೆ ಹೋದರೆ ಬೇಸಿಗೆಯಲ್ಲಿ ಮರ ಒಣಗಿದಾಗ ಪಟ್ಟಾ ದಾರಿಯಲ್ಲೇ ಕಳಚಿ ಬೀಳುತ್ತದೆ. ಬಳೆಯ ಸುತ್ತ ಬೆರಣಿ ಜೋಡಿಸಿ ಬೆಂಕಿ ಹಾಕುತ್ತಾರೆ. ಕೆಂಪಗಾದ ಮೇಲೆ ನಾಲ್ಕು ಜನ ನಾಲ್ಕು ಇಕ್ಕಳದಲ್ಲಿ ಹಿಡಿದು, ಓಡಿ ಬಂದು, ನೆಲದಲ್ಲಿ ಮಲಗಿಸಿದ ಚಕ್ರದ ಮೇಲೆ ಕೂರಿಸುತ್ತಾರೆ. ಮರ ಹೊತ್ತಿ ಹೊಗೆಯೇಳುತ್ತದೆ. ಹೆಂಗಸರು ಮಕ್ಕಳೆಲ್ಲ ಕೊಡದಲ್ಲಿ ನೀರು ಸುರಿಯುತ್ತಾರೆ. ಕಬ್ಬಿಣ ತಣಿದು ಕುಗ್ಗುತ್ತಾ ಹೋದ ಹಾಗೆ ಒಳಗಿನ ಒಂದೊಂದು ಕೀಲೂ ಕಿರುಗುಟ್ಟಿ ತನ್ನ ಜಾಗಕ್ಕೆ ಕೂರುತ್ತದೆ. "ಆ ಸದ್ದು ಕೇಳಿದರೆ ಅಜ್ಜ ಬೀಡಿ ಹಚ್ಚುತ್ತಿದ್ದರು" ಎಂದು ದೊಡ್ಡಪ್ಪ ಹೇಳುತ್ತಿದ್ದರು. ಅಣ್ಣತಮ್ಮಂದಿರು ಜಗಳವಾಡಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಕಾಲದಲ್ಲೂ ಪಟ್ಟಾ ಹಾಕುವ ದಿನ ಮಾತ್ರ ಇಬ್ಬರೂ ಒಟ್ಟಿಗೆ ನಿಂತರಂತೆ. ಮಾತಿಲ್ಲದೆಯೇ ಕೆಲಸ ಮುಗಿಸಿದರಂತೆ.

ಸೋಮವಾರ ಬೆಳಗಾದರೆ ಸೋಮವಾರಪೇಟೆಯ ಸಂತೆ, ಶನಿವಾರ ಶನಿವಾರಸಂತೆ. ಗೋಣಿಯಲ್ಲಿ ಕತ್ತಿ, ಸೌಟು, ಮೊಳೆ ಹೊತ್ತು ಮುತ್ತಜ್ಜ ಕತ್ತಲಲ್ಲೇ ಹೊರಟು ನಡೆಯುತ್ತಿದ್ದರು. ತಂದದ್ದು ಖಾಲಿಯಾಗುವವರೆಗೆ ಕೂರುವುದು, ಆಮೇಲೆ ಅಂಗಡಿಯಲ್ಲಿ ಕಬ್ಬಿಣ ಆರಿಸುವುದು. ಹಿಂದೆ ನಮ್ಮ ನಾಡಿನಲ್ಲೇ ಅದಿರು ಕರಗಿಸಿ ಕಬ್ಬಿಣ ಮಾಡುವವರಿದ್ದರು. ಹಡಗಿನಲ್ಲಿ ಬಂದ ಅಗ್ಗದ ಸೀಮೆ ಕಬ್ಬಿಣದ ಮುಂದೆ ಅವರ ಒಲೆಗಳು ಆರಿದವು. ಮುತ್ತಜ್ಜ ಕಬ್ಬಿಣವನ್ನು ಕೊಳ್ಳುವ ಮೊದಲು ಕಲ್ಲಿನ ಮೇಲೆ ಬಡಿದು ಕಿವಿಗೊಟ್ಟು ಕೇಳುತ್ತಿದ್ದರಂತೆ. ಮುರಿದ ಅರ, ತುಂಡಾದ ಹಾರೆ, ಹಳೆ ಪೀಪಾಯಿಯ ಪಟ್ಟಿ, ಯಾವುದನ್ನೂ ಬಿಡುತ್ತಿರಲಿಲ್ಲ. ಅವರ ಮುಪ್ಪಿನ ಕಾಲಕ್ಕೆ ಬಸ್ಸು ಲಾರಿಗಳು ಬಂದು, ಅವುಗಳ ಮುರಿದ ಸ್ಪ್ರಿಂಗ್ ಪ್ಲೇಟು ಸಿಗತೊಡಗಿದಾಗ "ಇಷ್ಟು ಒಳ್ಳೇ ಉಕ್ಕು ನಾನು ಹುಡುಗನಾಗಿದ್ದಾಗ ಸಿಗಬೇಕಿತ್ತು" ಅಂದರಂತೆ. ನಮ್ಮ ಮನೆಯ ಕತ್ತಿ ಅಂಥ ಪ್ಲೇಟಿನದ್ದೇ.

ಇದ್ದಿಲಿನ ಕಥೆ ಬೇರೆ. ಕಬ್ಬಿಣ ದುಡ್ಡಿಗೆ ಸಿಗುತ್ತದೆ, ಇದ್ದಿಲು ಕಾಡಿನಿಂದಲೇ ಬರಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಕಾಡುಗಳು ಒಂದೊಂದಾಗಿ ರಿಸರ್ವ್ ಆದವು. ಗದ್ದೆಯಿದ್ದವರಿಗೆ ಅದರ ಜೊತೆ ಬಾಣೆ ಇತ್ತು. ಸೊಪ್ಪು, ಸೌದೆ, ದನದ ಮೇವು ಎಲ್ಲ ಅಲ್ಲಿಂದ. ಗದ್ದೆಯಿಲ್ಲದ ಆಚಾರಿಗೆ ಬಾಣೆಯೂ ಇಲ್ಲ. ಒಬ್ಬರ ಬಾಣೆಯಲ್ಲಿ ಬಿದ್ದ ಮರ ಕೇಳಿ, ಅಲ್ಲೇ ಗುಂಡಿ ತೋಡಿ, ಸೌದೆ ಒಟ್ಟಿ, ಮಣ್ಣು ಮುಚ್ಚಿ ಎರಡು ಮೂರು ದಿನ ಕಾವಲು ಕೂತು ಸುಡಬೇಕು. ಈ ಕಾವಲು ಮುತ್ತಜ್ಜಿಯದು. ತಿದಿಯೂ ಹೆಚ್ಚಿನ ದಿನ ಅವರದೇ. ಕಂಕುಳಲ್ಲಿ ಮಗು, ಕೈಯಲ್ಲಿ ತಿದಿ. ಗಂಡ ಇಕ್ಕಳ ಹಿಡಿದು ಸಣ್ಣ ಸುತ್ತಿಗೆಯಲ್ಲಿ ಜಾಗ ತೋರಿಸಿದರೆ ಅವರು ಎದ್ದು ಸಮ್ಮಟಿ ಹೊಡೆಯುತ್ತಿದ್ದದ್ದೂ ಉಂಟು. ಊರಿಗೆ ಆಚಾರಿ ಒಬ್ಬ. ಕುಲುಮೆಯಲ್ಲಿ ಇದ್ದವರು ಇಬ್ಬರು.

1930ರ ದಶಕದ ಆರಂಭದಲ್ಲಿ ಜಗತ್ತಿನ ಪೇಟೆಗಳು ಕುಸಿದಾಗ ಕಾಫಿಯ ಬೆಲೆಯೂ ಬಿತ್ತು. ಒಂದು ತೋಟದಿಂದ ಇಡೀ ಸೀಸನ್ನಿನ ಮಮ್ಮಟಿ ಕೆಲಸದ ದುಡ್ಡು ಬರಲೇ ಇಲ್ಲ. ಮುತ್ತಜ್ಜ ಹನ್ನೊಂದು ಸಲ ನಡೆದು ಹೋಗಿ ಬಂದರಂತೆ. ಈ ಸಂಖ್ಯೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹಾಗೇ ಇದೆ. ಹನ್ನೆರಡನೇ ಸಲ ಹೋಗಲಿಲ್ಲ. ಆ ವರ್ಷ ಒಲೆಯ ಮೇಲೆ ಅನ್ನ ಬೆಂದದ್ದು ಕಣದ ಭತ್ತದಿಂದ. ರೂಪಾಯಿಗಿಂತ ಭತ್ತ ದೊಡ್ಡದು ಎಂದು ಇದರಿಂದ ಹೇಳಲು ನನಗೆ ಮನಸ್ಸಿಲ್ಲ. ಭತ್ತದ ಕೂಲಿಯಲ್ಲಿ ಆಚಾರಿ ಯಾವತ್ತೂ ಊರಿನ ಋಣದಲ್ಲೇ ಇರುತ್ತಿದ್ದ, ಬಾಯಿಬಿಟ್ಟು ಹೆಚ್ಚಿಗೆ ಕೇಳುವ ಹಾಗಿರಲಿಲ್ಲ. ತೋಟದ ದುಡ್ಡಿನಲ್ಲಿ ಅಂಥ ಋಣವಿರಲಿಲ್ಲ, ಸಂಬಂಧವೂ ಇರಲಿಲ್ಲ. ಎರಡರ ನಡುವೆ ಅವರು ಬದುಕಿದರು.

ದೊಡ್ಡಪ್ಪ ತೀರಿಕೊಂಡ ಮೇಲೆ ಕುಲುಮೆ ನಿಂತಿತು. ಮಾಡು ಕುಸಿದು ಆ ಜಾಗದಲ್ಲಿ ಈಗ ಕಾಫಿ ಗಿಡಗಳಿವೆ. ಅಲ್ಲಿ ಅಗೆದರೆ ಕಬ್ಬಿಣದ ಚಿಟ್ಟು ಇವತ್ತಿಗೂ ಸಿಗುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಮುತ್ತಜ್ಜನ ಕತ್ತಿಯನ್ನು ತೆಗೆದು ನೋಡಿದೆ. ಮಸೆದು ಮಸೆದು ಅಲಗು ಅರ್ಧಕ್ಕೆ ಇಳಿದಿದೆ, ಬಾಯಿ ಮಡಚಿಕೊಂಡಿದೆ. ಕಾಗದದಲ್ಲಿ ಸುತ್ತಿ ಪೇಟೆಗೆ ಒಯ್ದೆ. ಈಗ ಕೆಲಸ ಮಾಡುವವರು ಒಬ್ಬರಿದ್ದಾರೆ. ರೋಲಿಂಗ್ ಶಟರಿನ ಸಣ್ಣ ಅಂಗಡಿ, ತಿದಿಯ ಬದಲು ಕರೆಂಟಿನ ಬ್ಲೋವರ್. ಅವರು ಕತ್ತಿಯನ್ನು ತಿರುಗಿಸಿ ನೋಡಿ, ಉಗುರಿನಲ್ಲಿ ತಟ್ಟಿ ಕಿವಿಯ ಹತ್ತಿರ ಹಿಡಿದರು.

"ಯಾರು ಮಾಡಿದ್ದು?"

ಹೇಳಿದೆ.

"ಇನ್ನೊಂದು ಹದ ತಡೀತದೆ" ಅಂದರು.

ಕಾಯಿಸಿ, ತಟ್ಟಿ, ಬಾಯಿಯಷ್ಟನ್ನೇ ನೀರಿಗೆ ಅದ್ದಿ ತೆಗೆದರು. ಈಗ ಅದು ಗಾಜಿನಷ್ಟು ಗಡಸು, ಹಾಗೇ ಬಿಟ್ಟರೆ ಮೊದಲ ಏಟಿಗೇ ಚೂರಾಗುತ್ತದೆ. ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಗೆ ಇಳಿದು ಬರಬೇಕು. ಬರುವಾಗ ಉಜ್ಜಿ ಬೆಳಗಿದ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ. ಮೊದಲು ಒಣ ಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಮರ ಕಡಿಯುವ ಕತ್ತಿಯನ್ನು ಕಂದು ನೇರಳೆಗೆ ತಿರುಗುವ ಗಳಿಗೆಯಲ್ಲಿ ಮತ್ತೆ ನೀರಿಗೆ ಇಳಿಸಬೇಕು. ನೀಲಿಗೆ ಹೋದರೆ ಹದ ಮೀರಿತು.

ಹೊರಗೆ ಏಪ್ರಿಲ್ ಬಿಸಿಲು ಅಂಗಡಿಯೊಳಗೆಲ್ಲ ಚೆಲ್ಲಿತ್ತು. ಅವರು ಎಡಗೈಯಲ್ಲಿ ಇಕ್ಕಳ ಹಿಡಿದೇ ನನ್ನ ಕಡೆ ತಿರುಗಿ, "ಸ್ವಲ್ಪ ಆ ಶಟರ್ ಎಳೀರಿ" ಅಂದರು. ನಾನು ಎದ್ದು ಎಳೆದೆ.